ಭೀಮೆಯ ನೀರು, ಡೊಂಬಿವಲಿಯ ನಲ್ಲಿ

ಹೊರನಾಡಿನ ಬದುಕಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಭಾಷೆ, ನಾಟಕ, ಗಣೇಶೋತ್ಸವ, ಕನ್ನಡ ಸಂಘಗಳ ವಿಷಯ ಬರೆಯುತ್ತಾರೆ. ಅದು ಬೇಕಾದದ್ದೇ. ಆದರೆ ಮನುಷ್ಯ ಎಲ್ಲಿಗೇ ಹೋಗಲಿ, ಅವನಿಗೆ ಮೊದಲು ಬೇಕಾಗುವುದು ನಿಲ್ಲಲು ನೆಲ, ಕುಡಿಯಲು ನೀರು, ಹಚ್ಚಲು ದೀಪ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಿಗೆ ಈ ಮೂರೂ ಸಿಕ್ಕವು. ಇವು ಎಲ್ಲಿಂದ ಬಂದವು, ಯಾವ ಕಾಯದೆಯ ಮೇಲೆ ಬಂದವು, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಜಮೆ-ಖರ್ಚು ನೋಡಿದವನು ನಾನು. ನಿವೃತ್ತನಾದ ಮೇಲೆ ಈ ಲೆಕ್ಕವನ್ನೂ ಒಮ್ಮೆ ನೋಡೋಣ ಅನ್ನಿಸಿತು.

ನನ್ನದು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿ. ನೌಕರಿಯ ಮೇಲೆ ಡೊಂಬಿವಲಿಗೆ ಬಂದದ್ದು 1983ರಲ್ಲಿ. ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ಊರಿಗೆ ಹೋದಾಗ, ಹೊಲ ನೋಡಿಕೊಳ್ಳುವ ನಮ್ಮ ಕಾಕಾನ ಮಗ ಒಣಗಿದ ಹೊಳೆ ತೋರಿಸಿ, "ಅಣ್ಣಾ, ನಮ್ಮ ಹೊಳಿ ನೀರ ನೀವು ಮುಂಬಯಿದಾಗ ಕುಡ್ಯಾಕತ್ತೀರಿ, ನಾವಿಲ್ಲಿ ಉಸುಕು ನೋಡ್ಕೋತ ಕುಂತೀವಿ ನೋಡ್ರಿ" ಅಂದ. ಅವನು ಅಂದದ್ದು ಚೇಷ್ಟೆಗೆ. ಆದರೆ ಆ ಮಾತಿನಲ್ಲಿ ಎಷ್ಟು ನಿಜ ಇದೆ ಎಂದು ಹುಡುಕುತ್ತ ಹೋದರೆ ನೂರು ವರ್ಷಗಳ ಚರಿತ್ರೆಯೇ ಬಿಚ್ಚಿಕೊಂಡಿತು.

ಮೊದಲು ಭೂಗೋಳ. ಸಹ್ಯಾದ್ರಿಯ ನೆತ್ತಿಯ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಡುವಣಕ್ಕೆ ಬಿದ್ದದ್ದು ಕೊಂಕಣ ಹಾಯ್ದು ನಾಲ್ಕಾರು ತಾಸಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ಇಂದ್ರಾಯಣಿ, ಮುಳಾ ಮುಂತಾದ ನದಿಗಳಾಗಿ ಭೀಮೆಯನ್ನು ಸೇರಿ, ಪಂಢರಪುರದ ವಿಠ್ಠಲನ ಪಾದ ತೊಳೆದು, ಸೊಲ್ಲಾಪುರ, ವಿಜಯಪುರ, ಕಲಬುರ್ಗಿ ಜಿಲ್ಲೆಗಳ ಮೂಲಕ ರಾಯಚೂರಿನ ಹತ್ತಿರ ಕೃಷ್ಣೆಯಲ್ಲಿ ಒಂದಾಗುತ್ತದೆ. ಲೋನಾವಳದಲ್ಲಿ ಒಂದು ಗುಡ್ಡದ ಈ ಕಡೆ ಬಿದ್ದ ಹನಿಗೂ ಆ ಕಡೆ ಬಿದ್ದ ಹನಿಗೂ ನಡುವೆ ನಾಲ್ಕು ಮಾರು ಅಂತರ. ಒಂದರ ಹಾದಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದರದು ಬಂಗಾಳ ಕೊಲ್ಲಿಗೆ.

ಈ ಹಾದಿಯನ್ನು ಮನುಷ್ಯ ತಿರುಗಿಸಿದ್ದು ಟಾಟಾ ಜಲವಿದ್ಯುತ್ ಯೋಜನೆಗಳಲ್ಲಿ. ಮುಂಬಯಿಯ ಬಟ್ಟೆ ಗಿರಣಿಗಳಿಗೆ ಕಲ್ಲಿದ್ದಲಿನ ಬದಲು ವಿದ್ಯುತ್ ಕೊಡಬೇಕೆಂಬುದು ಜಮಶೇಟಜಿ ಟಾಟಾ ಅವರ ಕನಸು. ಅವರು ತೀರಿಕೊಂಡ ಮೇಲೆ, 1910ರಲ್ಲಿ ಕಂಪನಿ ಸ್ಥಾಪನೆಯಾಯಿತು. ಘಟ್ಟದ ಮೇಲೆ ಮೂಡಣಕ್ಕೆ ಹರಿಯುವ ನೀರಿಗೆ ಅಣೆಕಟ್ಟು ಕಟ್ಟಿ, ಪಡುವಣಕ್ಕೆ ಕೊಳವೆಗಳಲ್ಲಿ 500 ಮೀಟರಿಗೂ ಹೆಚ್ಚು ಕೆಳಗೆ ಬೀಳಿಸಿ ವಿದ್ಯುತ್ ತಯಾರಿಸುವುದು ಇದರ ಉಪಾಯ. 1915ರಲ್ಲಿ ಖೋಪೋಲಿ, 1922ರಲ್ಲಿ ಕರ್ಜತ್ ಹತ್ತಿರದ ಭಿವಪುರಿ, 1927ರಲ್ಲಿ ಭೀರಾ, ಹೀಗೆ ಮೂರು ವಿದ್ಯುದಾಗಾರಗಳು ತಲೆ ಎತ್ತಿದವು. ನೀರು ತಿರುಗಣೆ ತಿರುಗಿಸಿ ಹೊರಬಿದ್ದ ಮೇಲೆ ಘಟ್ಟ ಹತ್ತಿ ಹಿಂದೆ ಹೋಗಲಾರದಷ್ಟೆ! ಖೋಪೋಲಿಯ ನೀರು ಪಾತಾಳಗಂಗಾ ನದಿಗೆ, ಭಿವಪುರಿಯದು ಉಲ್ಹಾಸ ನದಿಗೆ, ಭೀರಾದ್ದು ಕುಂಡಲಿಕಾ ನದಿಗೆ ಬಿತ್ತು. ಆ ಕಾಲದ ಎಂಜಿನಿಯರರ ದೃಷ್ಟಿಯಲ್ಲಿ ವಿದ್ಯುತ್ತೇ ಮುಖ್ಯ, ಹೊರಬಿದ್ದ ನೀರು ಕೆಲಸ ಮುಗಿದ ನೀರು.

ಇನ್ನು ಅಣೆಕಟ್ಟಿನ ಹಿಂದೆ ಮುಳುಗಿದ ನೆಲದ ಮಾತು. ಭೀರಾಕ್ಕೆ ನೀರು ಕೊಡುವ ಮುಳಶಿ ಅಣೆಕಟ್ಟಿಗಾಗಿ ಪುಣೆ ಜಿಲ್ಲೆಯ ಮಾವಳ ರೈತರ ಸುಮಾರು ಐವತ್ತು ಹಳ್ಳಿಗಳ ಭತ್ತದ ಗದ್ದೆ ಹೋಗಬೇಕಾಯಿತು. ಕಂಪನಿ ಖಾಸಗಿಯದು. ಆದರೆ 1894ರ ಭೂಸ್ವಾಧೀನ ಕಾಯದೆಯಲ್ಲಿ ಕಂಪನಿಗಳಿಗಾಗಿಯೂ ಸರಕಾರ ಜಮೀನು ವಶಪಡಿಸಿಕೊಡಬಹುದೆಂದು ಒಂದು ಭಾಗವೇ ಇತ್ತು. ರೈತ ಒಪ್ಪಬೇಕೆಂಬ ನಿಯಮ ಇರಲಿಲ್ಲ. 1921ರ ಏಪ್ರಿಲ್ 16, ರಾಮನವಮಿಯ ದಿನ ಮುಳಶಿ ಸತ್ಯಾಗ್ರಹ ಆರಂಭವಾಯಿತು. ಪಾಂಡುರಂಗ ಮಹಾದೇವ ಬಾಪಟರು 'ಸೇನಾಪತಿ' ಎನಿಸಿಕೊಂಡದ್ದು ಈ ಹೋರಾಟದಲ್ಲೇ. ಮೂರು ವರ್ಷಕ್ಕೂ ಮಿಕ್ಕಿ ಹೋರಾಟ ನಡೆಯಿತು, ಬಾಪಟರು ಜೇಲಿಗೆ ಹೋದರು, ಅಣೆಕಟ್ಟು ಎದ್ದೇ ಎದ್ದಿತು. ಅಣೆಕಟ್ಟಿನ ವಿರುದ್ಧ ನಮ್ಮ ದೇಶದಲ್ಲಿ ರೈತರು ಸಂಘಟಿತರಾಗಿ ನಡೆಸಿದ ಮೊದಮೊದಲ ಚಳವಳಿಗಳಲ್ಲಿ ಇದು ಒಂದು. ನರ್ಮದೆಯ ಹೋರಾಟ ಎಲ್ಲರಿಗೂ ಗೊತ್ತು, ಅದಕ್ಕಿಂತ ಅರವತ್ತು ವರ್ಷ ಹಿಂದಿನ ಮುಳಶಿ ಪುಣೆಯ ಹೊರಗೆ ಎಷ್ಟು ಜನಕ್ಕೆ ಗೊತ್ತು?

ನೆಲ ಕಳೆದುಕೊಂಡವರು ಕಣ್ಣಿಗೆ ಕಂಡರು. ನೀರು ಕಳೆದುಕೊಂಡವರು ನೂರಾರು ಮೈಲು ದೂರದ ಕೆಳಗಿನ ದಂಡೆಯವರು. ಆಗ ಅವರಲ್ಲಿ ಅರ್ಧ ಜನ ಮುಂಬಯಿ ಇಲಾಖೆಯಲ್ಲಿ, ಅರ್ಧ ಜನ ನಿಜಾಮನ ರಾಜ್ಯದಲ್ಲಿ ಇದ್ದರು. ಅವರನ್ನು ಕೇಳಬೇಕೆಂದು ಹೇಳುವ ಕಾಯದೆ ಇರಲಿಲ್ಲ. ಅದು ಬಂದದ್ದು 1956ರಲ್ಲಿ, ಅಂತರರಾಜ್ಯ ಜಲ ವಿವಾದ ಕಾಯದೆ ಎಂಬ ಹೆಸರಿನಲ್ಲಿ. ಅದರ ಪ್ರಕಾರ 1969ರಲ್ಲಿ ನ್ಯಾಯಮೂರ್ತಿ ಆರ್. ಎಸ್. ಬಚಾವತ್ ಅವರ ಅಧ್ಯಕ್ಷತೆಯಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ರಚನೆಯಾಯಿತು. 1973ರ ಡಿಸೆಂಬರಿನಲ್ಲಿ ತೀರ್ಪು, 1976ರ ಮೇ ತಿಂಗಳಲ್ಲಿ ಗೆಜೆಟ್. ಒಟ್ಟು 2060 ಟಿಎಂಸಿ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂಬುದು ನಮ್ಮ ಕಡೆ ಶಾಲೆಯ ಹುಡುಗರಿಗೂ ಬಾಯಿಪಾಠ.

ಆದರೆ ಆ ತೀರ್ಪಿನ ಒಳಗಿರುವ ಇನ್ನೆರಡು ಅಂಕಿಗಳು ಅಷ್ಟು ಪ್ರಸಿದ್ಧವಲ್ಲ. ಮೇಲ್ ಭೀಮಾ ಕೊಳ್ಳದಿಂದ ಟಾಟಾ ಯೋಜನೆಗಳಿಗಾಗಿ ಘಟ್ಟದ ಕೆಳಗೆ ತಿರುಗಿಸುವ ನೀರು ಯಾವ ಒಂದು ವರ್ಷದಲ್ಲೂ 54.5 ಟಿಎಂಸಿಯನ್ನೂ, ಸತತ ಐದು ವರ್ಷಗಳಲ್ಲಿ ಒಟ್ಟು 212 ಟಿಎಂಸಿಯನ್ನೂ ಮೀರಬಾರದು. ಇದು ಒಂದು. ಕರ್ನಾಟಕ ಭೀಮಾ ನದಿಯ ಮುಖ್ಯ ಹರಿವಿನಿಂದ ವರ್ಷಕ್ಕೆ 15 ಟಿಎಂಸಿಗಿಂತ ಹೆಚ್ಚು ಬಳಸಬಾರದು. ಇದು ಇನ್ನೊಂದು. ಉಪನದಿಗಳ ಲೆಕ್ಕ ಬೇರೆ, ಅದನ್ನು ಮರೆಯಬಾರದು. ಆದರೂ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಐದು ವರ್ಷದ ಸರಾಸರಿ ಹಿಡಿದರೂ, ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕಕ್ಕೆ ಸಿಗುವುದರ ಸುಮಾರು ಮೂರು ಪಟ್ಟು ನೀರು ಘಟ್ಟ ಇಳಿಯಲು ಅನುಮತಿ ಇದೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರು. ಆ ಪ್ರಕಾರ ಘಟ್ಟ ಇಳಿಯುವ ನೀರು ದಿನಕ್ಕೆ ಹತ್ತಿರ ಹತ್ತಿರ 330 ಕೋಟಿ ಲೀಟರು. ಇಡೀ ಮುಂಬಯಿ ಮಹಾನಗರಪಾಲಿಕೆ ದಿನಕ್ಕೆ ಪೂರೈಸುವ ನೀರೇ ಸುಮಾರು 385 ಕೋಟಿ ಲೀಟರು.

ನದಿಯ ಕೊಳ್ಳದಿಂದ ನೀರನ್ನು ಹೊರಗೆ ಒಯ್ಯಬಾರದೆಂದು ಕೆಳಗಿನ ರಾಜ್ಯಗಳು ವಾದಿಸಿದ್ದವು. ನ್ಯಾಯಮಂಡಳಿ ಒಪ್ಪಲಿಲ್ಲ. ಹೊರಗೆ ಒಯ್ಯುವುದು ಕಾನೂನುಬಾಹಿರವಲ್ಲ, ಮೊದಲಿನಿಂದ ನಡೆದು ಬಂದ ಬಳಕೆಗೆ ರಕ್ಷಣೆ ಬೇಕು ಎಂದಿತು. ಮಿತಿ ಮಾತ್ರ ಹಾಕಿತು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮೊದಲು ಅಡವು ಬರೆಸಿಕೊಂಡವನಿಗೆ ಮೊದಲ ಹಕ್ಕು. ಇಲ್ಲಿ ಮೊದಲು ಬಂದದ್ದು ಗಿರಣಿಗಳಿಗೆ ವಿದ್ಯುತ್ ಕೊಟ್ಟ ಕಂಪನಿ. ಭೀಮಾ ತೀರದ ರೈತ ಕಾಲುವೆ ಕೇಳುವ ಹೊತ್ತಿಗೆ ಅರ್ಧ ಶತಮಾನ ತಡವಾಗಿತ್ತು.

ಈಗ ಡೊಂಬಿವಲಿಗೆ ಬರೋಣ. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ಮೋಹಿಲಿ ಮುಂತಾದ ಕಡೆ ಉಲ್ಹಾಸ ನದಿಯಿಂದ ನೀರೆತ್ತುತ್ತದೆ. ಥಾಣೆ, ಭಿವಂಡಿ, ಮೀರಾ-ಭಾಯಂದರಗಳಿಗೆ ಹೋಗುವ ನೀರಿನ ಒಂದು ಪಾಲೂ ಶಹಾಡ್ ಹತ್ತಿರ ಇದೇ ನದಿಯಿಂದ ಎತ್ತಿದ್ದು. ಮಳೆಗಾಲ ಮುಗಿದ ಮೇಲೆ ಈ ನದಿಯಲ್ಲಿ ನೀರು ಇರುವುದಕ್ಕೆ ಎರಡು ಕಾರಣ. ಒಂದು, ಔದ್ಯೋಗಿಕ ನಿಗಮವಾದ ಎಂಐಡಿಸಿ 1972ರಲ್ಲಿ ಬದಲಾಪುರದ ಆಚೆ ಕಟ್ಟಿದ ಬಾರವಿ ಅಣೆಕಟ್ಟು. ಇನ್ನೊಂದು, ಭಿವಪುರಿ ವಿದ್ಯುದಾಗಾರದಿಂದ ಹೊರಬೀಳುವ ಆಂಧ್ರಾ ಸರೋವರದ ನೀರು. ಆಂಧ್ರಾ ಎಂದರೆ ಇಂದ್ರಾಯಣಿಯ ಉಪನದಿ, ಇಂದ್ರಾಯಣಿ ಭೀಮೆಯ ಉಪನದಿ. ಬೇಸಗೆಯಲ್ಲಿ ಆಂಧ್ರಾ, ಬಾರವಿಗಳ ಸಂಗ್ರಹ ಕಡಿಮೆಯಾದಾಗ ಇಲ್ಲಿ ವಾರಕ್ಕೊಂದು ದಿನ 'ಪಾಣೀ ಕಪಾತ್' ಸಾರುತ್ತಾರೆ. ನಮ್ಮ ಕಾಕಾನ ಮಗ ಚೇಷ್ಟೆಗೆ ಅಂದದ್ದರಲ್ಲಿ ಒಂದು ಪಾಲು ಸತ್ಯವೇ ಸೈ.

ಪೂರ್ತಿ ಸತ್ಯ ಅನ್ನಲಾಗದು. ಅತಿ ಹೆಚ್ಚು ವಿದ್ಯುತ್ ತಯಾರಿಸುವ ಭೀರಾದ ನೀರು ರೋಹಾ ಕಡೆಯ ಕಾರಖಾನೆಗಳಿಗೆ ಹೋಗುತ್ತದೆ. ನವಿ ಮುಂಬಯಿಯವರ ಮೊರ್ಬೆ ಅಣೆಕಟ್ಟು ಕೊಂಕಣದ್ದೇ ಆದ ಧಾವರಿ ನದಿಯ ಮೇಲೆ ಇದೆ. ಭೀಮೆಗೆ ನೀರು ಕಡಿಮೆಯಾಗಲು ಉಜನಿ ಅಣೆಕಟ್ಟು, ಅದರ ಸುತ್ತಿನ ಕಬ್ಬಿನ ಗದ್ದೆಗಳೂ ಕಾರಣ. 2020ರ ಅಕ್ಟೋಬರ್, 2025ರ ಸಪ್ಟೆಂಬರಿನಲ್ಲಿ ಅದೇ ಭೀಮೆ ನಮ್ಮ ಊರುಗಳ ಒಳಗೆ ನುಗ್ಗಿತ್ತೆಂಬುದೂ ನೆನಪಿರಲಿ.

ಆದರೆ ಒಂದು ಮಾತು ಗಮನಿಸಬೇಕು. ಯಾವ ವಿದ್ಯುತ್ತಿಗಾಗಿ ನದಿಯನ್ನು ತಿರುಗಿಸಿದರೋ ಆ ವಿದ್ಯುತ್ ಈಗ ಮುಂಬಯಿಗೆ ಒಟ್ಟು ಬೇಕಾದದ್ದರಲ್ಲಿ ಸಣ್ಣ ಪಾಲು. ಗಿರಣಿಗಳು ಮುಚ್ಚಿದವು. 1956ರಿಂದ ಟ್ರಾಂಬೆಯ ಶಾಖ ವಿದ್ಯುತ್ ಬಂತು, ಆಮೇಲೆ ದೇಶದ ಜಾಲವೇ ಬಂತು. 2020ರ ಅಕ್ಟೋಬರ್ 12ರಂದು ಮುಂಬಯಿ ಕತ್ತಲಾದಂಥ ಹೊತ್ತಿನಲ್ಲಿ ಜಲವಿದ್ಯುತ್ತಿನ ಬೆಲೆ ದೊಡ್ಡದು, ನಿಜ. ಆದರೂ ವಿದ್ಯುತ್ತಿಗೆ ಬೇರೆ ದಾರಿ ಇದೆ. ಕುಡಿಯುವ ನೀರಿಗೆ ಇಲ್ಲ. ಪುಣೆ, ಸೊಲ್ಲಾಪುರದವರು ಈ ನೀರನ್ನು ಮೂಡಣಕ್ಕೇ ಬಿಡಿ ಎಂದು ಕೇಳುತ್ತಲೇ ಬಂದಿದ್ದಾರೆ. ಹಾಗೆ ಬಿಟ್ಟರೆ ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರದ ಲಕ್ಷಾಂತರ ಜನ ಏನು ಮಾಡಬೇಕು? 1922ರಲ್ಲಿ ಕೆಲಸ ಮುಗಿದ ನೀರು ಎನಿಸಿದ್ದರ ಮೇಲೆ ಊರಿಗೆ ಊರೇ ಬೆಳೆದು ನಿಂತಿದೆ. ಒಂದು ಕಾಯದೆ ಒಂದು ಕಾರಣಕ್ಕೆ ಕೊಟ್ಟ ಹಕ್ಕು, ಆ ಕಾರಣ ಕರಗಿದ ಮೇಲೂ ಉಳಿಯುತ್ತದೆ, ಏಕೆಂದರೆ ಅದನ್ನು ನಂಬಿ ಬದುಕುವ ನಮ್ಮಂಥವರು ಬಂದು ಸೇರಿರುತ್ತೇವೆ.

ನೀರಿನ ಕಥೆ ಹೀಗಾದರೆ ನೆಲದ ಕಥೆ ನವಿ ಮುಂಬಯಿಯದು. ಮುಂಬಯಿಯ ಗರ್ದಿ ಕಡಿಮೆ ಮಾಡಲು ಖಾಡಿಯ ಆಚೆ ಹೊಸ ಊರು ಬೇಕೆಂದು ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಎಂಜಿನಿಯರ್ ಶಿರೀಷ ಪಟೇಲ್ 1965ರಲ್ಲಿ ಸೂಚಿಸಿದರು. 1966ರಲ್ಲಿ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯದೆ ಬಂತು. 1970ರ ಮಾರ್ಚ್ 17ರಂದು ಸಿಡ್ಕೋ ಹುಟ್ಟಿತು. ಅದಕ್ಕಿಂತ ಒಂದು ತಿಂಗಳು ಮೊದಲೇ, ಫೆಬ್ರುವರಿಯಲ್ಲಿ, ಥಾಣೆ, ಪನ್ವೇಲ್, ಉರಣ್ ತಾಲೂಕುಗಳ 86 ಹಳ್ಳಿಗಳ ಜಮೀನಿಗೆ ಭೂಸ್ವಾಧೀನದ ಸೂಚನೆ ಹೊರಟಿತ್ತು. 1973ರಲ್ಲಿ ಇನ್ನೂ 9 ಹಳ್ಳಿ ಸೇರಿ ಒಟ್ಟು 95 ಆದವು. ಒಟ್ಟು ಕ್ಷೇತ್ರ ಸುಮಾರು 344 ಚದರ ಕಿಲೋಮೀಟರು. ಆಗರಿ, ಕೋಳಿ ಸಮಾಜಗಳ ಜನ ಅಲ್ಲಿ ಭತ್ತ ಬೆಳೆಯುತ್ತಿದ್ದರು, ಉಪ್ಪು ತೆಗೆಯುತ್ತಿದ್ದರು, ಖಾಡಿಯಲ್ಲಿ ಮೀನು ಹಿಡಿಯುತ್ತಿದ್ದರು.

ಇಲ್ಲೂ ಅದೇ 1894ರ ಕಾಯದೆ. ಅದರ 4ನೇ ಕಲಮಿನ ಸೂಚನೆ ಹೊರಟ ದಿನದ ಬೆಲೆಯೇ ಬೆಲೆ. ಹಣ ಕೈಗೆ ಬರುವುದು ಹತ್ತು ವರ್ಷವಾದ ಮೇಲೆ ಇರಬಹುದು, ಅಷ್ಟರಲ್ಲಿ ಪಕ್ಕದ ವಾಶಿಯಲ್ಲಿ ನಿವೇಶನದ ದರ ಎಷ್ಟೋ ಪಟ್ಟು ಏರಿರಬಹುದು, ರೈತನಿಗೆ ಮಾತ್ರ 1970ರ ದರ. ಈ ಅನ್ಯಾಯದ ವಿರುದ್ಧ ಶೇತಕರಿ ಕಾಮಗಾರ ಪಕ್ಷದ ದಿ. ಬಾ. ಪಾಟೀಲರು ಜನರನ್ನು ಕಟ್ಟಿದರು. ಅವರು ಉರಣ್ ತಾಲೂಕಿನ ಜಾಸಯಿ ಹಳ್ಳಿಯವರು. 1984ರ ಜನವರಿ 16 ಮತ್ತು 17ರಂದು ಜಾಸಯಿಯ ಸುತ್ತಮುತ್ತ ನಡೆದ ಚಳವಳಿಯ ಮೇಲೆ ಪೋಲಿಸರು ಗುಂಡು ಹಾರಿಸಿದರು, ಐವರು ಸತ್ತರು. ಆಗ ನಾನು ಡೊಂಬಿವಲಿಗೆ ಬಂದು ವರ್ಷವಾಗಿರಲಿಲ್ಲ. ಪೇಪರಿನಲ್ಲಿ ಸುದ್ದಿ ಓದಿದ್ದು ನೆನಪಿದೆ, ಊರ ಹೆಸರು ಅಂದೇ ಮೊದಲು ಕೇಳಿದ್ದು.

ಅದೇ ವರ್ಷ ಸಪ್ಟೆಂಬರಿನಲ್ಲಿ ಸಂಸತ್ತು ಕಾಯದೆಗೆ ತಿದ್ದುಪಡಿ ತಂದಿತು. ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ ಶೇಕಡಾ 15 ಇದ್ದದ್ದು 30 ಆಯಿತು, ಘೋಷಣೆಯಾದ ಎರಡು ವರ್ಷದೊಳಗೆ ಐತೀರ್ಪು ಮುಗಿಸಬೇಕೆಂದಾಯಿತು. 1990ರಲ್ಲಿ ಮಹಾರಾಷ್ಟ್ರ ಸರಕಾರ ಇನ್ನೊಂದು ಹೆಜ್ಜೆ ಇಟ್ಟಿತು: ವಶಪಡಿಸಿಕೊಂಡ ಜಮೀನಿನ ಶೇಕಡಾ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ರೈತರಿಗೆ ಹಿಂದಿರುಗಿಸುವ ಯೋಜನೆ. ನವಿ ಮುಂಬಯಿಯಲ್ಲಿ 'ಸಾಡೇಬಾರಾ ಟಕ್ಕೆ' ಎಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಹಣ ಒಂದೇ ಸಲ ಕೊಟ್ಟು ಕೈ ತೊಳೆದುಕೊಳ್ಳದೆ, ಊರು ಬೆಳೆದಾಗ ಏರುವ ಬೆಲೆಯಲ್ಲಿ ನೆಲದ ಒಡೆಯನಿಗೂ ಒಂದು ಪಾಲು ಎಂಬ ತತ್ವ ಇದರಲ್ಲಿ ಇತ್ತು. ದೊಡ್ಡ ಮಾತು ಅದು.

ಪನ್ವೇಲ್ ಕಡೆಯ ಶಾಖೆಯಲ್ಲಿ ಕೆಲಸ ಮಾಡುವಾಗ ಇದರ ಎರಡು ಮುಖ ನೋಡಿದ್ದೇನೆ. ಕೋರ್ಟಿನಿಂದ ಹೆಚ್ಚುವರಿ ಪರಿಹಾರ ಗೆದ್ದು ಚೆಕ್ ಹಿಡಿದು ಬರುತ್ತಿದ್ದವರಲ್ಲಿ ಎಷ್ಟೋ ಜನ ಮೂಲ ಖಾತೆದಾರರ ಮಕ್ಕಳು, ಏಕೆಂದರೆ ತಂದೆ ಕಾದು ಕಾದು ತೀರಿಹೋಗಿದ್ದ. ಒಬ್ಬ ಅಜ್ಜಿ ಠೇವಣಿಯ ರಸೀದಿ ಕೈಯಲ್ಲಿ ಹಿಡಿದು, "ಇದರಲ್ಲಿ ಭತ್ತ ಬೆಳೆಯುತ್ತದೇನಪ್ಪಾ ಸಾಹೇಬಾ?" ಎಂದು ಮರಾಠಿಯಲ್ಲಿ ಕೇಳಿದಳು. ಬಡ್ಡಿಯ ಲೆಕ್ಕ ಹೇಳಬಲ್ಲವನಾಗಿದ್ದೆ, ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ಇನ್ನೊಂದು ಮುಖ ಗೃಹಸಾಲದ ಕಡತದಲ್ಲಿತ್ತು. ಸಿಡ್ಕೋ ಆಗ ನೆಲವನ್ನು ಮಾರುತ್ತಿರಲಿಲ್ಲ, 60 ವರ್ಷಕ್ಕೆ ಗುತ್ತಿಗೆ ಕೊಡುತ್ತಿತ್ತು. ಸಾಡೇಬಾರಾ ನಿವೇಶನದಲ್ಲಿ ಕಟ್ಟಿದ ಫ್ಲ್ಯಾಟಿಗೆ ಸಾಲ ಕೊಡಬೇಕಾದರೆ ಸಿಡ್ಕೋ, ಮೂಲ ರೈತ, ಬಿಲ್ಡರ್ ಮೂವರ ತ್ರಿಪಕ್ಷೀಯ ಕರಾರು ನೋಡಲೇಬೇಕು. ಕೊಪರಖೈರಣೆ, ಖಾರಘರ, ಕಾಮೋಠೆಗಳಲ್ಲಿ ಮನೆ ಕೊಂಡ ಉಡುಪಿಯ ಹೋಟೆಲಿನವರು, ಧಾರವಾಡದ ಮಾಸ್ತರರು, ಕಲಬುರ್ಗಿಯ ಗುತ್ತಿಗೆದಾರರು, ಯಾರದೇ ಕಾಗದವಿರಲಿ, ಆ ಸರಪಳಿಯ ಮೊದಲ ಹೆಸರು ಒಬ್ಬ ಆಗರಿಯದೋ ಕೋಳಿಯದೋ ಆಗಿರುತ್ತಿತ್ತು. ಅನೇಕರು ಹಣದ ಅಡಚಣೆಯಿಂದ ಹಂಚಿಕೆ ಪತ್ರ ಬರುವ ಮೊದಲೇ ಹಕ್ಕನ್ನು ಬಿಲ್ಡರನಿಗೆ ಬರೆದುಕೊಟ್ಟಿದ್ದರು. ಬೆಳೆದ ಬೆಲೆಯಲ್ಲಿ ಪಾಲು ಎಂಬ ತತ್ವ ಕಾಗದದಲ್ಲಿ ಉಳಿಯಿತು, ಲಾಭ ಬೇರೆಯವರ ಪಾಲಾಯಿತು.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಸಿಡ್ಕೋ ಸೂಚನೆ ಹೊರಟ ಮರುವರ್ಷ, 1971ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸರಕಾರ ಜೇಮ್ಸ್ ಬೇ ಎಂಬಲ್ಲಿ ಭಾರೀ ಜಲವಿದ್ಯುತ್ ಯೋಜನೆ ಸಾರಿತು. ಅಲ್ಲಿಯ ಮೂಲನಿವಾಸಿ ಕ್ರೀ ಜನರನ್ನು ಯಾರೂ ಕೇಳಿರಲಿಲ್ಲ. ಅವರು ಕೋರ್ಟಿಗೆ ಹೋದರು. 1973ರ ನವೆಂಬರಿನಲ್ಲಿ ನ್ಯಾಯಾಧೀಶ ಆಲ್ಬರ್ಟ್ ಮಾಲೂಫ್ ಕೆಲಸ ನಿಲ್ಲಿಸಿ ಎಂದರು. ಮೇಲಿನ ಕೋರ್ಟು ಒಂದೇ ವಾರದಲ್ಲಿ ಆ ಆಜ್ಞೆಯನ್ನು ತೆಗೆದುಹಾಕಿತು. ಆದರೂ ಆ ಒಂದು ವಾರದ ಆಜ್ಞೆಯ ಬಲದಿಂದ ಸರಕಾರ ಮಾತುಕತೆಗೆ ಬರಬೇಕಾಯಿತು. 1975ರ ನವೆಂಬರಿನ ಒಪ್ಪಂದದಲ್ಲಿ ಕ್ರೀ ಮತ್ತು ಇನ್ಯೂಯಿಟ್ ಜನಕ್ಕೆ 22.5 ಕೋಟಿ ಡಾಲರ್ ಹಣ, ಬೇಟೆ-ಮೀನುಗಾರಿಕೆಯ ಹಕ್ಕುಗಳು ಸಿಕ್ಕವು. 2002ರ ಇನ್ನೊಂದು ಒಪ್ಪಂದದಲ್ಲಿ ಐವತ್ತು ವರ್ಷ ಕ್ರೀ ಜನಕ್ಕೆ ವರ್ಷವರ್ಷವೂ ಹಣ ಸಲ್ಲಬೇಕೆಂದಾಯಿತು. ಅವರ ನೆಲ ಮುಳುಗಿದ್ದು ಮುಳುಗಿತು, ಅದು ತಿರುಗಿ ಬರಲಿಲ್ಲ. ಆದರೆ ಹಣ ಒಂದು ಪೀಳಿಗೆಗೆ ಮುಗಿಯುವ ಚೆಕ್ಕಾಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ನಮ್ಮಲ್ಲಿ 1894ರ ಕಾಯದೆ ಕೊನೆಗೊಂಡದ್ದು 2014ರ ಜನವರಿ 1ರಂದು. ಅಂದಿನಿಂದ ಜಾರಿಗೆ ಬಂದ 2013ರ ಹೊಸ ಕಾಯದೆಯ ಪ್ರಕಾರ ಪರಿಹಾರ ಪಟ್ಟಣಗಳಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಗಳಲ್ಲಿ ನಾಲ್ಕು ಪಟ್ಟಿನವರೆಗೆ. ಖಾಸಗಿ ಕಂಪನಿಗಾಗಿ ಆದರೆ ಶೇಕಡಾ 80ರಷ್ಟು ಜನರ ಒಪ್ಪಿಗೆ ಬೇಕು. ಮುಳಶಿಯ ರೈತರು 1921ರಲ್ಲಿ ಕೇಳಿದ 'ನಮ್ಮನ್ನು ಕೇಳಿರಿ' ಎಂಬ ಮಾತು ಕಾಯದೆಯ ಪುಸ್ತಕ ಸೇರಲು ತೊಂಬತ್ತೆರಡು ವರ್ಷ ಹಿಡಿಯಿತು. ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ ಜಮೀನು ಕೊಟ್ಟ ಹಳ್ಳಿಗಳಿಗೆ ಹನ್ನೆರಡೂವರೆಯ ಬದಲು ಇಪ್ಪತ್ತೆರಡೂವರೆ ಟಕ್ಕೆ ಒಪ್ಪಿಕೊಳ್ಳಬೇಕಾಯಿತು. ಬಾರವಿ ಅಣೆಕಟ್ಟನ್ನು ಎತ್ತರಿಸಿದಾಗ ಮುಳುಗಡೆಯಾದ ಕುಟುಂಬಗಳಿಗೆ, ಆ ನೀರು ಪಡೆಯುವ ಸಂಸ್ಥೆಗಳೇ ಮನೆಗೊಂದು ನೌಕರಿ ಕೊಡಬೇಕೆಂದಾಯಿತು. ನೀರು ಕುಡಿಯುವವನೇ ಋಣ ತೀರಿಸಬೇಕೆಂಬ ಈ ನಿಯಮ ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ.

2025ರ ಅಕ್ಟೋಬರ್ 8ರಂದು ಆ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದಕ್ಕೆ ದಿ. ಬಾ. ಪಾಟೀಲರ ಹೆಸರಿಡಬೇಕೆಂದು ಸಾವಿರಾರು ಜನ 2021ರಲ್ಲಿ ಬೀದಿಗಿಳಿದರು, 2022ರಲ್ಲಿ ರಾಜ್ಯದ ವಿಧಾನಮಂಡಲ ಹಾಗೆಂದು ಠರಾವೂ ಮಾಡಿತು. ಹೊರಗಿನವರಾದ ನಮಗೆ ಈ ಹಟ ಮೊದಮೊದಲು ವಿಚಿತ್ರವಾಗಿ ಕಂಡಿತ್ತು. ನೆಲ ಹೋದವರಿಗೆ ಉಳಿಯುವುದು ಹೆಸರೊಂದೇ ಎಂದು ತಿಳಿದ ಮೇಲೆ ಹಾಗೆ ಕಾಣುವುದಿಲ್ಲ.

ಊರಿನ ವಾಚಕರಿಗೆ ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಈ ಲೆಕ್ಕ ನಮ್ಮ ನಾಡಿನಲ್ಲೂ ನಡೆದಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ, ಜನ ನವನಗರಕ್ಕೆ ಹೋದರು. ಅಣೆಕಟ್ಟನ್ನು ಇನ್ನೂ ಎತ್ತರಿಸುವ ಮಾತು ನಡೆದಿರುವಾಗ ಎಷ್ಟು ಟಿಎಂಸಿ ಸಿಕ್ಕೀತು ಎಂದು ನಾವೆಲ್ಲ ಲೆಕ್ಕ ಹಾಕುತ್ತೇವೆ. ನೆಲ ಬಿಡುವವರಿಗೆ ಯಾವ ದಿನದ ಬೆಲೆ, ಎಷ್ಟು ವರ್ಷದೊಳಗೆ, ಬೆಳೆಯುವ ನೀರಾವರಿಯಲ್ಲಿ ಯಾವ ಪಾಲು ಎಂಬ ಮೂರು ಪ್ರಶ್ನೆಗಳನ್ನು ಅಷ್ಟೇ ಜೋರಾಗಿ ಕೇಳುವುದು ಒಳ್ಳೆಯದು. ನವಿ ಮುಂಬಯಿಯವರಿಗೆ ಉತ್ತರ ಸಿಗಲು ಐದು ಜೀವ ಹೋದವು, ಇಪ್ಪತ್ತು ವರ್ಷ ಹೋದವು.

ಕಾಕಾನ ಮಗನಿಗೆ ಈ ಅಂಕಿ-ಸಂಖ್ಯೆಯನ್ನೆಲ್ಲ ಫೋನಿನಲ್ಲಿ ಹೇಳಿದೆ. ಸುಮ್ಮನೆ ಕೇಳಿದ. "ಹಂಗಾದ್ರ ಅಣ್ಣಾ, 15 ಟಿಎಂಸಿದಾಗ ನಮ್ಮ ಊರಿಗೆ ಎಷ್ಟ ಬರತದ, ಅದನ್ನ ಒಂದೀಟ ತೆಗದು ಹೇಳ್ರಿ" ಅಂದ. ಅದನ್ನು ಹುಡುಕುವ ಕೆಲಸ ಈಗ ನನ್ನ ಪಾಲಿಗಿದೆ.